ಚಿನ್ನಕ್ಕೆ ಮೈಲಿಗೆ ಯಾಕಿಲ್ಲ?

ಹಾಸನ ಸೀಮೆಯಲ್ಲಿ ಸ್ಕೂಲು ಮಕ್ಕಳ ಪ್ರವಾಸ ಅಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಜಿಲ್ಲೆ ದಾಟಿದರೆ ಮೈಸೂರಿನ ಅರಮನೆ. ಕೋಲಾರದ ಚಿನ್ನದ ಗಣಿ ನೋಡಿಕೊಂಡು ಬರೋಣ ಅಂತ ಹೊರಡುವ ಮೇಷ್ಟ್ರುಗಳು ಕಮ್ಮಿ. ಹೊರಡಬೇಕು ಅನ್ನೋದು ನನ್ನ ವಾದ. ಆದರೆ ಯಾವ ಪ್ರಶ್ನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಬೇಕು ಅನ್ನೋದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಬರಿಗೈಲಿ ಹೋದರೆ ಬರಿಗಣ್ಣಲ್ಲಿ ನೋಡಿ ಬರುತ್ತೇವೆ, ಅಷ್ಟೆ.

ದಾರಿ ಈಗ ಕಷ್ಟದ್ದಲ್ಲ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ 2017ರಿಂದ ನೇರ ರೈಲಿದೆ. ಅಲ್ಲಿಂದ ಬಂಗಾರಪೇಟೆ. ಬಂಗಾರಪೇಟೆಯಿಂದ ಒಂದು ಕವಲು ಹಳಿ ಕೋರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಗಣಿಗಳ ಹೆಸರನ್ನೇ ಹೇಳಿಕೊಂಡು ಹೋಗುತ್ತದೆ. ಇಳಿದರೆ ಕಾಣೋದು ಬೋಳು ಗುಡ್ಡಗಳು. ಅವು ದೇವರು ಮಾಡಿದ ಗುಡ್ಡಗಳಲ್ಲ. ಭೂಮಿಯೊಳಗಿಂದ ತಂದ ಕಲ್ಲನ್ನು ಹಿಟ್ಟು ಮಾಡಿ, ಸಯನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡು ಸುರಿದ ಬೂದುಮಣ್ಣು. ಬೇಸಿಗೆ ಗಾಳಿಗೆ ಆ ಮಣ್ಣು ಎದ್ದು ಕೂಲಿಯವರ ಸಾಲುಮನೆಗಳ ಮೇಲೆ ಬೀಳುತ್ತದೆ. ಆ ಸಾಲುಮನೆಗಳಿಗೆ ಅಲ್ಲಿ 'ಲೈನು' ಅಂತಾರೆ. ಇನ್ನೊಂದು ಕಡೆ ಬಿಳಿಯರ ಬಂಗಲೆ, ಕ್ಲಬ್ಬು. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಈ ಗಣಿಯನ್ನು 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಮೂರು ಕಿಲೋಮೀಟರಿಗಿಂತ ಆಳ ತೋಡಿದ್ದ ಗುಂಡಿಗಳಲ್ಲಿ ಈಗ ನೀರು ನಿಂತಿದೆ.

2018ರಲ್ಲಿ ಈ ಊರಿನ ಹೆಸರಿನ ಸಿನಿಮಾ ಬಂತು. ನಾಯಕನಾದವರು ನಮ್ಮ ಹಾಸನ ಕಡೆಯವರೇ. ಆದ್ದರಿಂದ ನಮ್ಮ ಹುಡುಗರಿಗೆ ಕೆಜಿಎಫ್ ಅನ್ನೋ ಮೂರು ಅಕ್ಷರ ಚೆನ್ನಾಗಿ ಗೊತ್ತು. ಸಿನಿಮಾದ ಗಣಿಯಲ್ಲಿ ಕೂಲಿಗಳು ಬಾಯಿಲ್ಲದ ಜನ. ಹೊರಗಿಂದ ಒಬ್ಬ ಬಂದು ಅವರನ್ನು ಎತ್ತಬೇಕು. ನಿಜವಾದ ಗಣಿಯಲ್ಲಿ ಹಾಗಿರಲಿಲ್ಲ. 1930ರಲ್ಲಿ ಎಲ್ಲ ಕೂಲಿಗಳ ಬೆರಳಚ್ಚು ತಗೋತೀವಿ ಅಂತ ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ಸಾವಿರಾರು ಜನ ಕೆಲಸ ನಿಲ್ಲಿಸಿ ಕೂತರು. 1946ರ ನವೆಂಬರಿನಲ್ಲಿ ಮುಷ್ಕರದ ಹೊತ್ತಿಗೆ ಪೊಲೀಸರ ಗುಂಡಿಗೆ 6 ಜನ ಸತ್ತರು. ಆ ಜನಕ್ಕೆ ಬಾಯಿತ್ತು. ಕೇಳುವ ಕಿವಿ ನಮಗಿರಲಿಲ್ಲ.

ಯಾರು ಆ ಜನ? ಬಹುಪಾಲು ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡುವ ಅಸ್ಪೃಶ್ಯರು. ನಮ್ಮ ಕಡೆಯ ಹಟ್ಟಿಯವರು ಘಟ್ಟದ ಕಾಫಿ ತೋಟಕ್ಕೆ ಹೋದ ಹಾಗೆ ಅವರು ಚಿನ್ನದ ಗುಂಡಿಗೆ ಬಂದರು. 1802ರಲ್ಲಿ ವಾರನ್ ಅನ್ನೋ ಇಂಗ್ಲಿಷ್ ಸರ್ವೇ ಅಧಿಕಾರಿ ಈ ಕಡೆ ಬಂದಾಗಲೇ ಮಾರಿಕುಪ್ಪದಲ್ಲಿ ಗುಂಡಿಗಿಳಿದು ಕಲ್ಲು ತರುತ್ತಿದ್ದವರು ಈ ಜನವೇ. ಕಂಪನಿಗಳು ಬಂದ ಮೇಲೆ ಗುಂಡಿ ಆಳವಾಯಿತು. ಇಳಿಯುವವರು ಬದಲಾಗಲಿಲ್ಲ. ಕೆಳಗೆ ಬೇಯುವ ಶಾಖ. ಇದ್ದಕ್ಕಿದ್ದ ಹಾಗೆ ಬಂಡೆ ಸಿಡಿದು ಮೇಲೆ ಬೀಳುವ ಭಯ. ಕಲ್ಲಿನ ಧೂಳು ಎದೆಗೂಡಿನಲ್ಲಿ ಕೂತು ಉಸಿರು ಕಟ್ಟಿಸುವ ಸಿಲಿಕೋಸಿಸ್. ಪಾಳಿ ಮುಗಿಸಿ ಮೇಲೆ ಬಂದವನ ಮೈಯನ್ನು ಚಿನ್ನ ಕದ್ದಿದಾನೇನೋ ಅಂತ ತಡವಿ ನೋಡುತ್ತಿದ್ದರು. ಗುಮಾನಿ ಪಡೋದಕ್ಕೆ ಮಾತ್ರ ಅವನನ್ನು ಮುಟ್ಟಬಹುದಾಗಿತ್ತು.

ಗೆಳೆಯರೆ, ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಇವನ ಕೈ ಮುಟ್ಟಿದ ನೀರು ಮೈಲಿಗೆ. ಇವನು ಹತ್ತಿದ ಜಗಲಿ ಮೈಲಿಗೆ. ಆದರೆ ಇವನು ಕೈಯಾರೆ ಅಗೆದು ತಂದ ಚಿನ್ನ ದೇವರ ಕಿರೀಟವಾಗುತ್ತದೆ, ಮುತ್ತೈದೆಯ ತಾಳಿಯಾಗುತ್ತದೆ, ಮಡಿಯುಟ್ಟ ಅರ್ಚಕರ ಬೆರಳಿನ ಉಂಗುರವಾಗುತ್ತದೆ. ಚಿನ್ನಕ್ಕೆ ಮೈಲಿಗೆ ಯಾಕಿಲ್ಲ?

ಇದಕ್ಕೆ ಒಂದು ಸಿದ್ಧ ಉತ್ತರವಿದೆ. ಚಿನ್ನ ಬೆಂಕಿಯಲ್ಲಿ ಕರಗಿ ಬರುತ್ತದೆ ಕಣಯ್ಯ, ಬೆಂಕಿ ಎಲ್ಲವನ್ನೂ ಶುದ್ಧಿ ಮಾಡುತ್ತದೆ ಅಂತ. ಆಗಲಿ. ಹಾಗಾದರೆ ಅನ್ನವೂ ಬೆಂಕಿಯ ಮೇಲೇ ಬೇಯುತ್ತದಲ್ಲ? ಹಟ್ಟಿಯವಳು ನಾಟಿ ಹಾಕಿ, ಕಳೆ ಕಿತ್ತು, ಕೊಯ್ದು, ಬಡಿದು ತುಂಬಿಸಿದ ಭತ್ತ ಗೌಡರ ಕಣಜಕ್ಕೆ ಹೋಗಬಹುದು. ಅದೇ ಭತ್ತದ ಅಕ್ಕಿಯನ್ನು ಅವಳು ಬೇಯಿಸಿ ಬಡಿಸಿದರೆ ಊರು ಉಣ್ಣುವುದಿಲ್ಲ. ಬೆಂಕಿ ಇಲ್ಲಿ ಯಾಕೆ ಕೈಕೊಟ್ಟಿತು? ಗುಡಿಯೊಳಗೆ ನುಡಿಯುವ ಮೃದಂಗದ ತೊಗಲನ್ನು ಹದ ಮಾಡಿದವರು ಯಾರು? ಅದು ಬೆಂಕಿ ಕಂಡಿಲ್ಲ, ಆದರೂ ಒಳಗಿದೆ.

ನನಗೆ ತಿಳಿದ ಮಟ್ಟಿಗೆ ಗುಟ್ಟು ಇಷ್ಟೇ. ಮೈಲಿಗೆ ಇರೋದು ಮುಟ್ಟುವುದರಲ್ಲಿ ಅಲ್ಲ, ಮುಖ ಕಾಣುವುದರಲ್ಲಿ. ಮಾಡಿದವನ ಮುಖವನ್ನು ಮರೆಯಬಹುದಾದ ವಸ್ತುವೆಲ್ಲ ಮಡಿ. ಮಾಡಿದವನು ಎದುರಿಗೆ ನಿಂತು, ಇದು ನಾನು ಮಾಡಿದ್ದು, ತಗೊಳ್ಳಿ ಅಂದರೆ ಆಗ ಮೈಲಿಗೆ. ಚಿನ್ನ ಕರಗಿ ಗಟ್ಟಿಯಾಗಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಅಂಗಡಿಗೆ ಬಂದು ಕೂತ ಚಿನ್ನದಲ್ಲಿ ಯಾರ ಬೆವರೂ ಕಾಣಲಿಲ್ಲ. ಅನ್ನದಲ್ಲಿ ಬಡಿಸುವ ಕೈ ಕಾಣುತ್ತದೆ. ಅಂದಮೇಲೆ ಅಸ್ಪೃಶ್ಯತೆ ಅನ್ನೋದು ಕೊಳಕಿನ ಲೆಕ್ಕವಲ್ಲ, ದುಡಿಮೆಯನ್ನು ಇಟ್ಟುಕೊಂಡು ದುಡಿದವನನ್ನು ಅಳಿಸಿಹಾಕುವ ಲೆಕ್ಕ.

ಈ ಲೆಕ್ಕ ಕೋಲಾರದ್ದು ಮಾತ್ರ ಅಲ್ಲ, ನಮ್ಮ ಹೊಳೆಯೂ ಅದರಲ್ಲಿದೆ. ಹೇಮ ಅಂದರೆ ಚಿನ್ನ, ಹೇಮಾವತಿ ಅಂದರೆ ಚಿನ್ನದ ಹೊಳೆ. ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಹೋಗಿ ಕಾವೇರಿ ಸೇರುತ್ತದೆ. ಆ ಕಾವೇರಿ ಅರಕಲಗೂಡು ತಾಲೂಕಿನ ರಾಮನಾಥಪುರವನ್ನು ಮುಟ್ಟಿ ಬಂದವಳು. ಎರಡೂ ಹೊಳೆಯ ನೀರು ಕೂಡಿ ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರಲ್ಲಿ ಅಲ್ಲಿ ಕರೆಂಟು ತಯಾರಾಯಿತು. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಒಯ್ದದ್ದು ಬೆಂಗಳೂರಿಗಲ್ಲ, ಕೋಲಾರದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗಲೂ ಗಣಿಗೆ ತಪ್ಪದೆ ಕರೆಂಟು ಸಿಗಬೇಕು ಅನ್ನೋದು ಒಂದು ಮುಖ್ಯ ಕಾರಣವಾಗಿತ್ತು. ಅರಕಲಗೂಡು, ಹೊಳೆನರಸೀಪುರದ ಹೊಲಗೇರಿಗಳಿಗೆ ಭಾಗ್ಯಜ್ಯೋತಿಯ ಒಂಟಿ ಬಲ್ಬು ಬರುವ ಹೊತ್ತಿಗೆ ಎಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಹೊಳೆಯ ನೀರಿಗೆ ಚಿನ್ನದ ಗುಂಡಿಯವರೆಗೆ ದಾರಿ ಇತ್ತು. ಹಟ್ಟಿಯವನಿಗೆ ಊರ ಬಾವಿಯವರೆಗೆ ದಾರಿ ಇರಲಿಲ್ಲ.

ಚಿನ್ನದ ಊರನ್ನು ನೋಡಲು ಹೋಗುವುದು ಲೋಕದಲ್ಲಿ ಹೊಸದಲ್ಲ. ಕೋಲಾರದಲ್ಲಿ ಗಣಿಗೆ ಮೊದಲು ಲೈಸೆನ್ಸು ಪಡೆದ ಲವೆಲ್ ಅನ್ನುವವನು ನ್ಯೂಜಿಲೆಂಡಿನ ಮಾವೊರಿ ಜನರ ಮೇಲಿನ ಯುದ್ಧದಲ್ಲಿದ್ದು ಬಂದ ಸಿಪಾಯಿ. ಅಲ್ಲಿನ ಚಿನ್ನದ ಆಸೆಯನ್ನೇ ಇಲ್ಲಿಗೆ ಹೊತ್ತು ತಂದ. ಪಶ್ಚಿಮ ಆಸ್ಟ್ರೇಲಿಯಾದ ಬೆಂಗಾಡಿನಲ್ಲಿ ಗ್ವಾಲಿಯಾ ಅಂತ ಒಂದು ಊರಿದೆ. 1963ರಲ್ಲಿ ಗಣಿ ಮುಚ್ಚಿದ ಕೆಲವೇ ವಾರದಲ್ಲಿ ಜನ ಊರು ಬಿಟ್ಟರು. ಅಲ್ಲಿನ ಕೂಲಿಗಳ ತಗಡಿನ ಗುಡಿಸಲುಗಳನ್ನು ಹಾಗೇ ಉಳಿಸಿ ಈಗ ಜನಕ್ಕೆ ತೋರಿಸುತ್ತಾರೆ. ಮಾಲೀಕನ ಬಂಗಲೆಯ ಜೊತೆ ಕೂಲಿಯ ಗುಡಿಸಲನ್ನೂ ಉಳಿಸಿದ್ದು ಒಳ್ಳೆಯದೇ. ಆದರೆ ಆ ನೆಲದ ಮೂಲನಿವಾಸಿಗಳನ್ನು ಒಂದು ಮಾತೂ ಕೇಳದೆ ಆ ಗುಂಡಿ ತೋಡಿದರು ಅನ್ನೋದನ್ನು ಗುಡಿಸಲು ಹೇಳುವುದಿಲ್ಲ. ಒಂದು ಮುಖ ಉಳಿಸುವಾಗಲೂ ಅದರ ಹಿಂದೆ ಇನ್ನೊಂದು ಮುಖ ಅಳಿಸಿಹೋಗಬಹುದು.

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಬೇಕು. ಗಣಿ ಬರೀ ನರಕವಾಗಿದ್ದರೆ ಜನ ತಲೆಮಾರುಗಟ್ಟಲೆ ಅಲ್ಲಿ ಯಾಕೆ ನಿಂತರು? ಭೂಮಿಯ ಮೇಲಿನ ಊರು ಅದಕ್ಕಿಂತ ಕತ್ತಲಾಗಿತ್ತು, ಅದಕ್ಕೆ. ಗಣಿಯಲ್ಲಿ ಜೀತವಿರಲಿಲ್ಲ, ಕೂಲಿಯಿತ್ತು. ಅದು ಕೈಗೆ ಬರುವ ದುಡ್ಡು. ಮೇಲ್ಜಾತಿಯವನ ಕೇರಿಯಲ್ಲಿ ಚಪ್ಪಲಿ ಕಳಚಬೇಕಾಗಿರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲಲ್ಲೇ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿ ಬೇರು ಬಿಟ್ಟಿತು. ಬಾಬಾಸಾಹೇಬರು 1956ರಲ್ಲಿ ದೀಕ್ಷೆ ತೆಗೆದುಕೊಳ್ಳುವ ಎಷ್ಟೋ ಮುಂಚೆ ಈ ಗಣಿ ಕೂಲಿಗಳು ಬುದ್ಧನನ್ನು ತಮ್ಮವನು ಅಂದಿದ್ದರು. ಶಾಲೆ, ಸಂಘ, ಪತ್ರಿಕೆ ಎಲ್ಲ ಆ ಧೂಳಿನಲ್ಲೇ ಬೆಳೆದವು. ಕಂಪನಿ ಇದನ್ನು ಕೊಟ್ಟದ್ದಲ್ಲ, ಜನ ಕಿತ್ತುಕೊಂಡದ್ದು.

ಆದರೂ ಈ ಮಾತಿಗೆ ನಾವು ಬೀಗಿಬಿಡಬಾರದು. 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಮನೆಯವರು ಆ ಗಣಿ ಊರಿನ ಕಕ್ಕಸುಗಳ ಮಲ ಬಳಿಯುವ ಕೆಲಸದಲ್ಲಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಚಿನ್ನ ತೆಗೆಯುವ ಊರಿನಲ್ಲಿ ಆಮೇಲೂ ಬಕೀಟು, ಪೊರಕೆ ಹಿಡಿದ ಕೈಗಳಿದ್ದವು. ಅದರ ವಿರುದ್ಧ ವಿಲ್ಸನ್ ತಮ್ಮ ಊರಿನಿಂದಲೇ ಹೋರಾಟ ಶುರು ಮಾಡಿದರು. ಮೂರು ಕಿಲೋಮೀಟರ್ ಆಳಕ್ಕೆ ಯಂತ್ರ ಇಳಿಸಬಲ್ಲ ಕಂಪನಿಗಳಿಗೆ, ಸರ್ಕಾರಗಳಿಗೆ, ಕಕ್ಕಸಿಗೆ ನೀರು ಬಿಡುವ ಯೋಗ್ಯತೆ ಇರಲಿಲ್ಲ. ಗುಂಡಿಯೊಳಗೆ ಒಂದಾಗಿದ್ದ ಕೂಲಿಗಳಲ್ಲೂ ಎಷ್ಟು ಜನ ಆ ಮಲ ಬಳಿಯುವವರ ಮುಖ ನೋಡಿದ್ದರು? ನಮ್ಮ ಸಂಘಟನೆಗಳಲ್ಲಿ ಎಷ್ಟು ಜನ ನೋಡಿದ್ದೇವೆ? ಹೊಲೆಯನು ಮಾದಿಗನನ್ನು, ಇಬ್ಬರೂ ಜಾಡಮಾಲಿಯನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವವರೆಗೆ, ಅಳಿಸಿಹಾಕುವ ಆ ಲೆಕ್ಕವನ್ನು ನಾವೂ ಬರೆಯುತ್ತಿದ್ದೇವೆ.

ಆದ್ದರಿಂದ ಮೇಷ್ಟ್ರೇ, ಮಕ್ಕಳನ್ನು ಕರೆದುಕೊಂಡು ಹೋಗಿ. ಗೋಪುರ ತೋರಿಸಿ, ಗುಡ್ಡ ತೋರಿಸಿ. ಆದರೆ ಎಷ್ಟು ಟನ್ನು, ಎಷ್ಟು ಆಳ ಅಂತ ಬರೆಸಿ ಮುಗಿಸಬೇಡಿ. ಇಳಿದವನು ಯಾರು, ಇಳಿಸಿದವನು ಯಾರು, ಅವನ ಮನೆಗೆ ಎಷ್ಟು ಚಿನ್ನ ಬಂತು ಅಂತ ಕೇಳಿಸಿ. ಲೈನಿನ ಬಾಗಿಲಲ್ಲಿ ಕೂತ ಮುದುಕರನ್ನು ಫೋಟೋ ಹೊಡೆಯುವ ಮೊದಲು ಪಕ್ಕದಲ್ಲಿ ಕೂತು ಮಾತಾಡಿಸಿ. ಕೊಟ್ಟರೆ ಅವರ ಮನೆಯ ನೀರು ಕುಡಿಯಿರಿ.

ಕೋಲಾರಕ್ಕೆ ಹೋಗಲು ಕಾಸಿಲ್ಲದಿದ್ದರೆ ಚನ್ನರಾಯಪಟ್ಟಣ ತಾಲೂಕೇ ಸಾಕು. ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ಕ್ರೋಮೈಟ್ ಗಣಿಯಿದೆ. ಶ್ರವಣಬೆಳಗೊಳದ ಬೆಟ್ಟವಿದೆ. ಹಳೇಬೀಡಿಗೆ ಹೋದರೆ ಅಲ್ಲಿನ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬಂಡೆ ಸೀಳಿಕೊಟ್ಟವನ ಹೆಸರು ಎಲ್ಲೂ ಇಲ್ಲ. ಅವನ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇದ್ದಾರೆ. ಹಾಜರಿ ಕೂಗುವಾಗ ಆ ಹೆಸರನ್ನು ಸ್ಪಷ್ಟವಾಗಿ ಕೂಗಿ. ಮಧ್ಯಾಹ್ನದ ಬಿಸಿಯೂಟ ಬೇಯಿಸಿದ ಹೆಂಗಸು ಯಾವ ಕೇರಿಯವಳೇ ಆಗಿರಲಿ, ಅವಳ ಕೈಯಿಂದ ಬಡಿಸಿಕೊಂಡು, ಅವಳ ಮುಖ ನೋಡಿ, ಮಕ್ಕಳ ಸಾಲಿನಲ್ಲಿ ಕೂತು ಉಣ್ಣಿ.