ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತೇ?

ಸರ್ವೀಸ್ ಮಾಡಿಸಿ ಮನೆಗೆ ತಂದ ಕಾರು ಮೂರನೆಯ ದಿನ ಶಿರಾಡಿ ಘಾಟಿಯ ತಿರುವಿನಲ್ಲಿ ನಿಂತುಬಿಡುತ್ತದೆ ಎಂದಿಟ್ಟುಕೊಳ್ಳೋಣ. ಮೊದಲು ಆಯಿಲ್‌ನ ಕೆಂಪು ದೀಪ, ಬಳಿಕ ಬಾನೆಟ್ಟಿನಡಿಯಿಂದ ಕಟಕಟ ಸದ್ದು, ಕೊನೆಗೆ ಎಷ್ಟು ಕೀಲಿ ತಿರುಗಿಸಿದರೂ ಅಲುಗದ ಇಂಜಿನ್. ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ, ಇಂಜಿನ್ ಸೀಜ್ ಆಗಿದೆ. ಕಾರನ್ನು ಎಳೆದೊಯ್ಯುವ ಗಾಡಿ ಬರುವಷ್ಟರಲ್ಲೇ ಮಾಲಿಕರ ಮನಸ್ಸಿನಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ‘ಇಷ್ಟು ದಿನ ಚೆನ್ನಾಗಿಯೇ ಓಡುತ್ತಿತ್ತು. ಅವನು ಕೈಹಾಕಿದ, ಕೆಟ್ಟಿತು.’ ಅತ್ತ ಗ್ಯಾರೇಜಿನಲ್ಲೂ ಉತ್ತರ ಸಿದ್ಧವಾಗಿರುತ್ತದೆ: ‘ನಾವು ಆಯಿಲ್ ಬದಲಿಸಿದ್ದಷ್ಟೇ ಸಾರ್. ಇಂಜಿನ್ ಹಳೆಯದು, ಹೋಗುವ ಕಾಲಕ್ಕೆ ಹೋಯಿತು.’

ಇವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲದಿರಬಹುದು. ನಿಜವೇನೆಂದು ಇಬ್ಬರಿಗೂ ಇನ್ನೂ ಗೊತ್ತಿಲ್ಲ; ಆದರೆ ಇಬ್ಬರೂ ಗೊತ್ತಿರುವವರಂತೆ ಮಾತನಾಡುತ್ತಿದ್ದಾರೆ. ಖರ್ಚು ಯಾರು ಕೊಡಬೇಕೆಂಬುದು ಆಮೇಲಿನ ಮಾತು. ನಿಜ ಗೊತ್ತಿಲ್ಲದ ಹೊತ್ತಿನಲ್ಲಿ ನಾವು ಒಬ್ಬರೊಂದಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದನ್ನೇ ಶಾಸ್ತ್ರದ ಭಾಷೆಯಲ್ಲಿ ಕಾಕತಾಳೀಯ ನ್ಯಾಯ ಎನ್ನುತ್ತಾರೆ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವಾಗಬೇಕಿಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರು ಈ ಸಂದೇಹವನ್ನು ಇನ್ನೂ ಆಳಕ್ಕೆ ಒಯ್ದರು. ಹತ್ತಿಗೆ ಬೆಂಕಿ ತಗಲಿದಾಗ ಹತ್ತಿ ಉರಿಯುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣುವುದು ಒಂದರ ಜೊತೆಗೆ ಇನ್ನೊಂದು ನಡೆಯುವುದಷ್ಟೇ, ಬೆಂಕಿಯೇ ಉರಿಸಿತು ಎಂಬ ಅನಿವಾರ್ಯ ಸಂಬಂಧ ಕಣ್ಣಿಗೆ ಕಾಣುವುದಿಲ್ಲ ಎಂದು ಅವರು ವಾದಿಸಿದರು. ಮುಂದಿನ ಶತಮಾನದಲ್ಲಿ ಇಬ್ನ್ ರುಶ್ದ್ ಇದಕ್ಕೆ ಉತ್ತರ ಬರೆದರು. ಕಾರಣಗಳನ್ನೇ ನಿರಾಕರಿಸಿದರೆ ಅರಿವಿಗೂ ಬುದ್ಧಿಗೂ ನೆಲೆಯೇ ಇರುವುದಿಲ್ಲ ಎಂಬುದು ಅವರ ನಿಲುವು.

ಇವು ಗ್ರಂಥಾಲಯದಲ್ಲೇ ಉಳಿಯಬೇಕಾದ ವಾದಗಳಲ್ಲ. ಆ ಚರ್ಚೆ ದೇವರು ಮತ್ತು ಸೃಷ್ಟಿಯ ಕುರಿತಾದದ್ದು ಎಂಬುದು ನಿಜ. ಆದರೂ ಕೆಟ್ಟುನಿಂತ ಕಾರಿನ ಮುಂದೆ ಮಾಲಿಕರಿಗೆ ಬೇಕಾದದ್ದು ಗಝ್ಝಾಲಿಯವರ ಎಚ್ಚರ: ನೀವು ಕಂಡದ್ದು ಒಂದರ ನಂತರ ಒಂದು ನಡೆದದ್ದನ್ನು ಮಾತ್ರ. ಮೆಕ್ಯಾನಿಕ್‌ಗೆ ಬೇಕಾದದ್ದು ಇಬ್ನ್ ರುಶ್ದ್‌ರ ಹಟ: ಕಾರಣವೊಂದು ಇದ್ದೇ ಇದೆ, ಹುಡುಕಿ. ‘ಏನೋ ಆಗಿರಬೇಕು ಸಾರ್, ಗ್ರಹಚಾರ’ ಎಂಬುದು ಉತ್ತರವಲ್ಲ.

ಇಂಜಿನ್ನಿನ ವಿಷಯದಲ್ಲಿ ಕಾರಣ ಬಹಳಷ್ಟು ಸಲ ಗುರುತು ಬಿಟ್ಟೇ ಹೋಗುತ್ತದೆ. ಹಳೆಯ ಆಯಿಲ್ ಇಳಿಸಲು ಇಂಜಿನ್ನಿನ ತಳದಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಸರಿಯಾಗಿ ಬಿಗಿಯದಿದ್ದರೆ ಆಯಿಲ್ ಹನಿಹನಿಯಾಗಿ ಸೋರುತ್ತದೆ, ಕಂಪನಕ್ಕೆ ಬೋಲ್ಟೇ ಕಳಚಿ ಬೀಳಬಹುದು. ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯದರ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆಯೇ ಹೊಸದನ್ನು ಕೂರಿಸಿದರೆ, ಎರಡು ರಿಂಗುಗಳ ನಡುವಿನಿಂದ ಒತ್ತಡಕ್ಕೆ ಆಯಿಲ್ ಹೊರಚಿಮ್ಮುತ್ತದೆ. ಆಯಿಲ್ ಇಲ್ಲದೆ ಬೇರಿಂಗ್‌ಗಳು ಲೋಹಕ್ಕೆ ಲೋಹ ಉಜ್ಜಿ ಸೀಜ್ ಆಗಲು ಹೆಚ್ಚು ಹೊತ್ತು ಬೇಡ. ಟೈಮಿಂಗ್ ಬೆಲ್ಟನ್ನು ಗುರುತು ತಪ್ಪಿಸಿ ಕೂರಿಸಿದರೆ ಅನೇಕ ಇಂಜಿನ್‌ಗಳಲ್ಲಿ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವುಗಳನ್ನು ಬಗ್ಗಿಸಿಬಿಡುತ್ತವೆ. ಇವು ಕೆಲಸ ಮಾಡಿದವರ ತಪ್ಪುಗಳು.

ಇನ್ನೊಂದು ಬದಿಯೂ ಇದೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಓಡಿಸಿದ ಇಂಜಿನ್ನಿನೊಳಗೆ ಡಾಂಬರಿನಂಥ ಕಪ್ಪು ಜಿಡ್ಡು ಕಟ್ಟಿರುತ್ತದೆ. ಒಳಗನ್ನು ತೊಳೆದು ಹೊಸ ಆಯಿಲ್ ಹಾಕಿದಾಗ ಆ ಜಿಡ್ಡು ಸಡಿಲಗೊಂಡು, ಆಯಿಲ್ ಹೀರುವ ಪೈಪಿನ ಬಾಯಿಯ ಜಾಲರಿಯನ್ನು ಕಟ್ಟಿಬಿಡಬಹುದು. ಆಗ ಇಂಜಿನ್ನಿನ ತಳದಲ್ಲಿ ಬೇಕಾದಷ್ಟು ಆಯಿಲ್ ಇದ್ದೂ ಬೇರಿಂಗಿಗೆ ತಲುಪುವುದಿಲ್ಲ. ಮೇಲ್ನೋಟಕ್ಕೆ ಅದೇ ಕೆಂಪು ದೀಪ, ಅದೇ ಸದ್ದು. ಮಾಲಿಕರ ಹಲವು ವರ್ಷಗಳ ಉದಾಸೀನ ಮೆಕ್ಯಾನಿಕ್‌ನ ಒಂದು ದಿನದ ಕೆಲಸದ ಮೇಲೆ ಬಂದು ಕೂರುತ್ತದೆ. ಹಾಗೆಂದು ಮೆಕ್ಯಾನಿಕ್ ಪೂರ್ತಿ ಬಿಡುಗಡೆಯಾದರೇ? ಇಳಿಸಿದ ಆಯಿಲ್‌ನ ಬಣ್ಣ ಕಂಡಾಗಲೇ ಅಪಾಯವನ್ನು ಹೇಳಬೇಕಾದ ಕರ್ತವ್ಯ ಅವರಿಗಿತ್ತಲ್ಲವೇ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆ ಬೋಲ್ಟ್, ಆ ಫಿಲ್ಟರ್, ತಳದಲ್ಲಿ ಉಳಿದ ಆಯಿಲ್ ಇವೇ ಸಾಕ್ಷಿಗಳು. ಇಂಜಿನ್ನನ್ನು ಒಬ್ಬರೇ ಬಿಚ್ಚಿದರೆ ಸಾಕ್ಷಿ ಸಾಯುತ್ತದೆ. ಆದ್ದರಿಂದ ಮಾಲಿಕರು ಮತ್ತೆ ಮತ್ತೆ ಸ್ಟಾರ್ಟ್ ಮಾಡಬಾರದು, ಮೆಕ್ಯಾನಿಕ್ ಗುಟ್ಟಾಗಿ ಸ್ಪ್ಯಾನರ್ ಹಾಕಬಾರದು. ಇಬ್ಬರೂ ಒಪ್ಪುವ ಮೂರನೆಯ ಅನುಭವಿಯೊಬ್ಬರನ್ನು ಕರೆದು, ಎಲ್ಲರ ಎದುರಿನಲ್ಲಿ ಫೋಟೋ ತೆಗೆದು ಬಿಚ್ಚಬೇಕು. ಸಂಶಯವನ್ನು ನ್ಯಾಯದ ದಾರಿಗೆ ತರುವ ಕ್ರಮ ಇದು.

ಇಷ್ಟಾದ ಮೇಲೂ ಕಾರಣ ತಿಳಿಯದಿದ್ದರೆ? ಇಸ್ಲಾಮೀ ನ್ಯಾಯಶಾಸ್ತ್ರದ ವಿದ್ವಾಂಸರು ಅಗಸ, ದರ್ಜಿ, ಬಣ್ಣ ಹಾಕುವವರ ವಿಷಯದಲ್ಲಿ ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಕುಶಲಕರ್ಮಿಯ ಕೈಗೆ ಬಂದ ವಸ್ತು ಅಮಾನತ್ತು, ಅವನ ಅಜಾಗರೂಕತೆಯಿಲ್ಲದೆ ಅದು ನಾಶವಾದರೆ ಅವನು ಹೊಣೆಯಲ್ಲ ಎಂದು ಇಮಾಮ್ ಅಬೂ ಹನೀಫಾ ಹೇಳಿದರು. ಅವರದೇ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಭಿನ್ನವಾಗಿ ಹೇಳಿದರು: ಊರವರೆಲ್ಲರ ಕೆಲಸ ಹಿಡಿಯುವವನು, ಭಾರೀ ಬೆಂಕಿಯಂಥ ತಪ್ಪಿಸಲಾಗದ ವಿಪತ್ತಿನ ಹೊರತು, ಹೊಣೆಗಾರನೇ. ಹಾಗಾಗದಿದ್ದರೆ ಜನರ ಸೊತ್ತಿಗೆ ರಕ್ಷಣೆಯಿಲ್ಲ, ಕುಶಲಕರ್ಮಿಗಳನ್ನು ಬಿಟ್ಟು ಜನ ಬದುಕುವಂತೆಯೂ ಇಲ್ಲ. ಒಂದು ಅಭಿಪ್ರಾಯ ದುಡಿಯುವವನ ಮೇಲೆ ನಂಬಿಕೆ ಇಡುತ್ತದೆ, ಇನ್ನೊಂದು ನಂಬಿ ಕೊಟ್ಟವರನ್ನು ಕಾಯುತ್ತದೆ. ಎರಡರಲ್ಲೂ ನ್ಯಾಯದ ಕಾಳಜಿಯಿದೆ.

ನಮ್ಮ ದೇಶದ ಕಾನೂನು ನಡುವಿನ ದಾರಿ ಹಿಡಿದಿದೆ. 1872ರ ಕರಾರು ಅಧಿನಿಯಮದ 151ನೇ ಕಲಮಿನಂತೆ, ಇತರರ ವಸ್ತುವನ್ನು ವಶಕ್ಕೆ ಪಡೆದವರು ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಬೇಕು. ಒಂದು ಸಂಗತಿ ವಿಶೇಷವಾಗಿ ಯಾರ ಅರಿವಿನಲ್ಲಿದೆಯೋ ಅದನ್ನು ರುಜುವಾತುಪಡಿಸುವ ಹೊಣೆ ಅವರದೇ ಎಂಬ ತತ್ವ 1872ರ ಸಾಕ್ಷ್ಯ ಅಧಿನಿಯಮದಲ್ಲಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಇದರ ಹಿಂದಿನ ನೀತಿ ಸರಳ: ಬಲ್ಲವರು ತೋರಿಸಬೇಕು. ಬೋಲ್ಟನ್ನು ಬಿಗಿದವರು ಯಾರು, ಪರೀಕ್ಷಿಸಿದವರು ಯಾರು, ಎಷ್ಟು ಲೀಟರ್ ಆಯಿಲ್ ಹಾಕಲಾಯಿತು ಎಂಬುದು ಗ್ಯಾರೇಜಿಗೆ ಗೊತ್ತು, ಮಾಲಿಕರಿಗಲ್ಲ. ತಿಳಿಯದವರ ಕೈಯಲ್ಲಿ ಪುರಾವೆ ಕೇಳಿ ಬಾಯಿ ಮುಚ್ಚಿಸುವುದು ಒಂದು ಬಗೆಯ ದಬ್ಬಾಳಿಕೆ.

ಆದರೆ ದಬ್ಬಾಳಿಕೆ ಒಂದೇ ಕಡೆಯಿಂದ ನಡೆಯುವುದಿಲ್ಲ. ದೊಡ್ಡ ಸರ್ವೀಸ್ ಸೆಂಟರಿಗೆ ವಕೀಲರಿದ್ದಾರೆ, ಜಾಬ್ ಕಾರ್ಡಿನ ಹಿಂಬದಿಯಲ್ಲಿ ಇರುವೆ ಸಾಲಿನಂಥ ಷರತ್ತುಗಳಿವೆ. ರಸ್ತೆ ಬದಿಯ ತಗಡಿನ ಶೆಡ್ಡಿನವನಿಗೆ ಇರುವುದು ಹೆಸರೊಂದೇ. ‘ಅಲ್ಲಿಗೆ ಮಾತ್ರ ಕೊಡಬೇಡಿ, ನಮ್ಮ ಇಂಜಿನ್ ತೆಗೆದ’ ಎಂಬ ಒಂದು ಮಾತು ಮದುವೆ ಮನೆಯಿಂದ ಮದುವೆ ಮನೆಗೆ ಹೋದರೆ ಸಾಕು, ಅವನ ಅನ್ನ ಹೋಯಿತು. ಆಮೇಲೆ ಜಾಲರಿಯಲ್ಲಿ ಹಳೆಯ ಜಿಡ್ಡು ಸಿಕ್ಕಿತು ಎಂದು ಯಾರು ಮನೆಮನೆಗೆ ಹೋಗಿ ಹೇಳುತ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಇವರೆಲ್ಲರಿಗಿಂತ ಕೆಳಗೆ ಇನ್ನೊಬ್ಬನಿದ್ದಾನೆ. ಮಾಲಿಕರು ರೇಗಿದಾಗ ಗ್ಯಾರೇಜಿನವರು ಬೆರಳು ತೋರಿಸುವುದು ಸಾಮಾನ್ಯವಾಗಿ ಕೆಲಸ ಕಲಿಯುತ್ತಿರುವ ಹುಡುಗನತ್ತ: ‘ಇವನೇ ಸಾರ್ ಟೈಟ್ ಮಾಡದೆ ಬಿಟ್ಟದ್ದು.’ ಬಿಲ್ಲಿನ ಹಣ ಪಡೆದವರು ಒಬ್ಬರು, ಬೈಗುಳ ತಿನ್ನುವವನು ಇನ್ನೊಬ್ಬ. ಕಾರನ್ನು ಒಪ್ಪಿಸಿದ್ದು ಗ್ಯಾರೇಜಿನ ಯಜಮಾನರಿಗೆ. ಕೆಲಸವನ್ನು ಹುಡುಗನಿಗೆ ಹಂಚಬಹುದು, ಅಮಾನತ್ತನ್ನು ಹಂಚಲು ಬರುವುದಿಲ್ಲ. ಅವನು ಬಿಗಿದ ಬೋಲ್ಟನ್ನು ಮತ್ತೊಮ್ಮೆ ಮುಟ್ಟಿ ನೋಡುವುದೇ ಯಜಮಾನಿಕೆ.

ನಮ್ಮ ಸುತ್ತ ‘ತಪ್ಪು ನಮ್ಮದೇ’ ಎಂಬ ಮಾತು ಇಷ್ಟು ಅಪರೂಪವೇಕೆ? ಒಪ್ಪಿಕೊಂಡವರನ್ನು ನಾವು ಒಪ್ಪಿಕೊಂಡದ್ದಕ್ಕಾಗಿಯೇ ಸುಲಿಯುತ್ತೇವೆ. ಒಂದು ಬೋಲ್ಟಿನ ತಪ್ಪನ್ನು ಒಪ್ಪಿದವರ ತಲೆಗೆ ಹಳೆಯ ಕ್ಲಚ್ಚನ್ನೂ ಸವೆದ ಟೈರನ್ನೂ ಕಟ್ಟುತ್ತೇವೆ. ನಿರಾಕರಿಸುವವರು ಬಚಾವಾಗುತ್ತಾರೆ, ಪ್ರಾಮಾಣಿಕರು ಮುಳುಗುತ್ತಾರೆ. ಹೀಗೆ ಸುಳ್ಳನ್ನು ಸಾಕುವವರಲ್ಲಿ ಗಿರಾಕಿಗಳಾದ ನಾವೂ ಇದ್ದೇವೆ. ತಪ್ಪಿಗೆ ತಕ್ಕಷ್ಟೇ ಪರಿಹಾರ ಕೇಳುವುದು, ಕಂತುಗಳಲ್ಲಿ ಸ್ವೀಕರಿಸುವುದು, ಒಪ್ಪಿಕೊಂಡವರ ಬಳಿಗೇ ಮುಂದಿನ ಸಲವೂ ಕಾರನ್ನು ಒಯ್ಯುವುದು ಔದಾರ್ಯವೆನಿಸಬಹುದು. ನಿಜವಾಗಿ ಅದು ಸತ್ಯಕ್ಕೆ ನಾವು ತೆರಬೇಕಾದ ಬೆಲೆ.

ಆಯಿಲ್ ಬದಲಿಸುವಾಗ ನಮ್ಮಲ್ಲಿ ಹೆಚ್ಚಿನವರು ಕಾರಿನಡಿಗೆ ಬಗ್ಗಿ ನೋಡುವುದಿಲ್ಲ, ನೋಡಿದರೂ ತಿಳಿಯುವುದಿಲ್ಲ. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತವರಿಗೂ ಒಳಗಿನದು ತಿಳಿಯುವುದಿಲ್ಲ. ಕಾಣದ ಜಾಗದಲ್ಲಿ ಇತರರ ಕೈ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ನಂಬಿಕೆಯ ಮೇಲೆಯೇ ನಮ್ಮ ದಿನಗಳು ಸಾಗುತ್ತಿವೆ. ಆ ನಂಬಿಕೆ ಉಳಿಯಬೇಕಾದರೆ ಕೆಲಸ ಮಾಡಿದವರು ಮುಚ್ಚಿಡದೆ ಹೇಳಬೇಕು, ಕೆಲಸ ಕೊಟ್ಟವರು ಪೂರ್ತಿ ತಿಳಿಯುವ ಮುನ್ನ ತೀರ್ಪು ಕೊಡದೆ ಕಾಯಬೇಕು. ಕೆಟ್ಟ ಇಂಜಿನ್ನನ್ನು ಹಣ ಕೊಟ್ಟು ಮತ್ತೆ ಕಟ್ಟಿಸಬಹುದು. ಕೆಟ್ಟ ನಂಬಿಕೆಗೆ ಬಿಡಿಭಾಗಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.