ಬೇರೆಯವರ ಬಯಕೆಯನ್ನು ನಂಬಿ ಕೊಂಡ ವಾರ

ಟೈಮ್‌ಶೇರ್, ಅಂದರೆ ರೆಸಾರ್ಟೊಂದರಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕು, ಮಾರುವವರ ಬತ್ತಳಿಕೆಯಲ್ಲಿ ಕೊನೆಯ ಬಾಣ ಒಂದಿದೆ. ಅವರು ತೋರಿಸುತ್ತಿರುವ ರೆಸಾರ್ಟಿಗೆ ವರ್ಷವರ್ಷವೂ ಬರುವ ಆಸೆ ನಮಗಿಲ್ಲ ಎಂದು ಗೊತ್ತಾದ ಕೂಡಲೇ ಅದು ಹೊರಬರುತ್ತದೆ: "ನೀವು ಇಲ್ಲಿಗೇ ಬರಬೇಕೆಂದು ಯಾರು ಹೇಳಿದರು ಸಾರ್? ಈ ವಾರವನ್ನು ಕೊಟ್ಟು ಸ್ವಿಟ್ಜರ್ಲೆಂಡಿನಲ್ಲಿ ಒಂದು ವಾರ ತಗೊಳ್ಳಿ." ಮಾತು ಸುಳ್ಳಲ್ಲ. ಆದರೆ ಅದನ್ನು ಒಪ್ಪಿದ ಗಳಿಗೆಯಲ್ಲಿ ನಾವು ಕೊಳ್ಳುತ್ತಿರುವ ವಸ್ತುವೇ ಬೇರೆಯಾಗುತ್ತದೆ.

ಚಪ್ಪಲಿಗೆ ಎರಡು ಉಪಯೋಗ ಎಂದು ಅರಿಸ್ಟಾಟಲ್ ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಹೇಳುತ್ತಾನೆ. ಮೆಟ್ಟುವುದು ಒಂದು, ಕೊಟ್ಟು ಬೇರೇನನ್ನೋ ಪಡೆಯುವುದು ಇನ್ನೊಂದು. ಎರಡನೆಯದೂ ಉಪಯೋಗವೇ, ಆದರೆ ಚಪ್ಪಲಿ ಹುಟ್ಟಿದ್ದು ಅದಕ್ಕಲ್ಲ. ವಿನಿಮಯಕ್ಕೆಂದೇ ಟೈಮ್‌ಶೇರ್ ಕೊಳ್ಳುವವನು ತನ್ನ ಕಾಲಿಗೆ ಆಗದ ಚಪ್ಪಲಿಯನ್ನು ತಿಳಿದೇ ಕೊಳ್ಳುತ್ತಾನೆ. ಅದು ಆಗುವ ಕಾಲು ಎಲ್ಲೋ ಇದೆ ಎಂಬುದು ಅವನ ನಂಬಿಕೆ.

ಆ ಕಾಲನ್ನು ಹುಡುಕಿಕೊಡುವ ವ್ಯಾಪಾರ ಶುರುವಾದದ್ದು 1974ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಕಟ್ಟಿದರು. ಎರಡು ವರ್ಷದ ನಂತರ ಇಂಟರ್‌ವಲ್ ಇಂಟರ್‌ನ್ಯಾಷನಲ್ ಬಂತು. ನಮ್ಮ ವಾರವನ್ನು ಅವರಲ್ಲಿ ಜಮಾ ಮಾಡಬೇಕು, ಇನ್ನೊಬ್ಬರು ಜಮಾ ಮಾಡಿದ್ದರಿಂದ ಆರಿಸಿಕೊಳ್ಳಬೇಕು. ಸದಸ್ಯತ್ವದ ಶುಲ್ಕ ಒಂದು, ಪ್ರತಿ ವಿನಿಮಯದ ಶುಲ್ಕ ಇನ್ನೊಂದು.

ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ಇಲ್ಲಿ ನೆನಪಾಗುತ್ತದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ಒಂದು ದಿನಕ್ಕೆ ಒಂದು ದಿನ ಸಮ. ಇಲ್ಲಿ ವಾರಕ್ಕೆ ವಾರ ಸಮವಲ್ಲ. ಯಾವ ಊರು, ಯಾವ ಋತು, ಎಷ್ಟು ಕೋಣೆ, ಎಷ್ಟು ಮುಂಚೆ ಜಮಾ ಮಾಡಿದಿರಿ, ಎಲ್ಲವನ್ನೂ ತೂಗಿ ಬೆಲೆ ಕಟ್ಟುತ್ತಾರೆ. ರೆಸಾರ್ಟುಗಳು ಕಿಕ್ಕಿರಿದ ಫ್ಲಾರಿಡಾದ ಆರ್ಲಾಂಡೊದಲ್ಲಿ, ಶಾಲೆ ತೆರೆದ ಮೇಲಿನ ಸೆಪ್ಟೆಂಬರ್ ವಾರವೊಂದು ಹವಾಯಿಯ ಕ್ರಿಸ್‌ಮಸ್ ವಾರದ ಎದುರು ತಕ್ಕಡಿಯಲ್ಲಿ ಮೇಲೇ ನಿಲ್ಲುತ್ತದೆ. ಭಾರತದಲ್ಲೂ ಅಷ್ಟೆ. ರಜಾ ಸದಸ್ಯತ್ವ ಮಾರುವ ಕ್ಲಬ್ ಮಹೀಂದ್ರ ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಿರುವುದು ಅಂದಕ್ಕಲ್ಲ. ಮಂದಿ ಎಲ್ಲರೂ ಒಂದೇ ಸಲ ಹೊರಡುತ್ತಾರೆ ಎಂಬುದಕ್ಕೆ.

ಇನ್ನೂ ಒಂದು ಯೋಚನೆ ನನ್ನನ್ನು ಬಿಡುವುದಿಲ್ಲ. ಸಾಧಾರಣ ವಾರ ಕೊಟ್ಟು ಶ್ರೇಷ್ಠ ವಾರ ಪಡೆಯಬೇಕೆಂಬುದು ವಿನಿಮಯಕ್ಕಾಗಿ ಕೊಂಡ ಎಲ್ಲರ ಆಸೆ. ಹಾಗಾದರೆ ಆ ಶ್ರೇಷ್ಠ ವಾರವನ್ನು ಬಿಟ್ಟುಕೊಡುವವರು ಯಾರು? ಸಮುದ್ರದ ದಂಡೆಯ ಮನೆಯನ್ನು ಪ್ರೀತಿಯಿಂದ ಕೊಂಡವರು. ಆ ವರ್ಷ ಮನೆಯಲ್ಲಿ ಕಾಯಿಲೆಯೋ, ರಜೆ ಸಿಗದ್ದೋ, ಮಗಳ ಮದುವೆಯೋ ಬಂದದ್ದರಿಂದ ಹೋಗಲಾರದವರು. ಬದಲಾವಣೆ ಬಯಸಿ ಕೊಡುವವರೂ ಇದ್ದಾರೆ, ನಿಜ. ಆದರೂ ಜಾಣ ವಿನಿಮಯವೊಂದರ ಹಿಂದೆ ಎಷ್ಟೋ ಸಲ ಯಾರದೋ ಮುರಿದ ಯೋಜನೆ ಇರುತ್ತದೆ. ಎಲ್ಲರೂ ವಿನಿಮಯಕ್ಕೆಂದೇ ಕೊಂಡರೆ ಕಣಜದಲ್ಲಿ ಉಳಿಯುವುದು ಯಾರಿಗೂ ಬೇಡದ ವಾರಗಳಷ್ಟೆ.

ನಮಗೆ ನಿಜವಾಗಿ ಬೇಕಿರುವುದಾದರೂ ಏನು? ನನಗನ್ನಿಸುವಂತೆ ಪ್ರವಾಸ ಅಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬ ಭಾವನೆ. ಕಾಲಿಡದ ಊರುಗಳೆಲ್ಲ ಕೈಯಳತೆಯಲ್ಲಿವೆ ಎಂಬ ಸುಖ. ಅದಕ್ಕೂ ಬೆಲೆಯಿದೆ, ನಗಬೇಕಾಗಿಲ್ಲ. ಆದರೆ ಆ ಸುಖಕ್ಕೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಐದು ಲಕ್ಷ ಕೊಟ್ಟು 25 ವರ್ಷಕ್ಕೆ ಸದಸ್ಯರಾದಿರಿ ಎಂದಿಟ್ಟುಕೊಳ್ಳಿ. ಶೇಕಡ 7ರಂತೆ ಕೈಬಿಟ್ಟ ಬಡ್ಡಿ 35,000. ವಾರ್ಷಿಕ ಶುಲ್ಕ 20,000 ಎಂದು ಹಿಡಿದರೆ ಒಟ್ಟು 55,000. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ ಏಳು ಸಾವಿರದ ಎಂಟುನೂರು ದಾಟಿತು. ವಿನಿಮಯ ಶುಲ್ಕ ಸೇರಿಲ್ಲ, ಅವಧಿ ಮುಗಿಯುವಾಗ ಅಸಲೂ ಕರಗಿರುತ್ತದೆ ಎಂಬುದು ಸೇರಿಲ್ಲ. ಹೋಗದ ವರ್ಷವೂ ಶುಲ್ಕ ತಪ್ಪುವುದಿಲ್ಲ. ಬರುವ ಮೌಲ್ಯ ತೂಗುಯ್ಯಾಲೆ, ಕಟ್ಟುವ ಹಣ ಮಾತ್ರ ಖಚಿತ. ಅಮೆರಿಕದಲ್ಲಿ ಹಳೆಯ ವಾರಗಳನ್ನು ಒಂದು ಡಾಲರಿಗೆ ಮಾರಾಟಕ್ಕಿಡುವವರು ಇರುವುದು ಈ ಕಾರಣಕ್ಕೇ.

ನಿವೃತ್ತರ ಮಾತು ಬೇರೆ. ಶಾಲೆಯ ರಜೆಯ ಹಂಗಿಲ್ಲದವರು, ಮಳೆಗಾಲದಲ್ಲೂ ಹೊರಡಬಲ್ಲವರು, ಹೋದಲ್ಲೇ ಖುಷಿ ಕಾಣುವವರು ವಿನಿಮಯದಿಂದ ನಿಜವಾಗಿ ಲಾಭ ಪಡೆಯುತ್ತಾರೆ. ಅಂಥವರು ಕೂಡ ಹೊಸದನ್ನು ಕೊಳ್ಳುವ ಮುನ್ನ ಮರುಮಾರಾಟದ ಬೆಲೆಯನ್ನು ವಿಚಾರಿಸಲಿ, ಅದರ ಜೊತೆ ವಿನಿಮಯದ ಹಕ್ಕೂ ವರ್ಗವಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಲಿ.

ಉಳಿದವರು ಸಹಿ ಹಾಕುವ ಮುಂಚೆ ಮನೆಮಂದಿಯ ನಡುವೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ವಿನಿಮಯ ನಾಳೆಯೇ ನಿಂತುಹೋದರೂ ಇದೇ ರೆಸಾರ್ಟಿಗೆ, ಇದೇ ವಾರದಲ್ಲಿ ಬರುತ್ತೇವೆಯೇ? ಹೌದೆಂದರೆ ಕೊಳ್ಳಿ. ಇಲ್ಲವೆಂದರೆ ಬೇಕಾದ ಊರಿನಲ್ಲಿ, ಬೇಕಾದಾಗ, ಕೋಣೆ ಬಾಡಿಗೆಗೆ ಹಿಡಿಯಿರಿ.