ಒರೆಸಿದ ಕೈಯದೇ ತಪ್ಪೆ?

ಮಳೆಗಾಲದ ಭಾನುವಾರ ಬೆಳಗ್ಗೆ ಐದೂವರೆಗೆ ಕಲ್ಯಾಣದ ಶಹಾಡ್ ಸೇತುವೆ ಹತ್ತಿರ ನಿಂತರೆ, ಮುರ್ಬಾಡ್ ದಾಟಿ ಮಾಳ್ಶೇಜ್ ಘಾಟಿಗೆ ಹೊರಟ ಬೈಕುಗಳ ಸಾಲು ಕಾಣುತ್ತದೆ. ಹಿಂದೆಲ್ಲ ಇವು ಮಿರಮಿರ ಮಿಂಚುತ್ತಿದ್ದವು. ಈಗ ಅರ್ಧಕ್ಕರ್ಧ ಬೂದಿ, ಇದ್ದಿಲು, ಒಣಮಣ್ಣು, ಪಾಚಿಯ ಬಣ್ಣದವು. ಹೊಳಪೇ ಇಲ್ಲ. ಮ್ಯಾಟ್ ಫಿನಿಶ್ ಅನ್ನುತ್ತಾರೆ. ನೋಡಿದರೆ ಧೂಳು, ಕೆಸರು, ಬಿಸಿಲು ಯಾವುದಕ್ಕೂ ಜಗ್ಗದ ಒರಟು ಆಳಿನಂತೆ ಕಾಣುತ್ತವೆ. ದೂರದ ಪ್ರಯಾಣಕ್ಕೆ ಇಂಥದ್ದೇ ಬೇಕು ಅನ್ನಿಸುತ್ತದೆ.

ವಾಸ್ತವ ಇದಕ್ಕೆ ತಿರುಗಾಮುರುಗಾ. ಇಷ್ಟು ಸೂಕ್ಷ್ಮವಾದ ಬಣ್ಣ ಇನ್ನೊಂದಿಲ್ಲ.

ಹೊಳೆಯುವ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತದೆ. ದಪ್ಪ ಸಾಮಾನ್ಯವಾಗಿ 30ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಅದು ನಯವಾಗಿರುವುದರಿಂದ ಬೆಳಕು ಕನ್ನಡಿಯಿಂದ ಬಂದಂತೆ ನೇರ ವಾಪಸಾಗುತ್ತದೆ. ಮ್ಯಾಟ್‌ನಲ್ಲಿ ಅದೇ ಪದರಕ್ಕೆ ಸಿಲಿಕಾದಂಥ ಸೂಕ್ಷ್ಮ ಪುಡಿ ಬೆರೆಸಿ, ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡಿರುತ್ತಾರೆ. ಬೆಳಕು ಚೆದುರುತ್ತದೆ, ಹೊಳಪು ಸಾಯುತ್ತದೆ. ಹೊಳೆಯುವ ಬಣ್ಣಕ್ಕೆ ಗೀರು ಬಿದ್ದರೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದರಾಯಿತು. ಸುತ್ತಲಿನ ಪದರ ಒಂದಿಷ್ಟು ಸವೆದು ಗೀರು ಮರೆಯಾಗುತ್ತದೆ. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿದ ಹಾಗೆ. ಮ್ಯಾಟ್‌ಗೆ ಈ ಸೌಲಭ್ಯ ಇಲ್ಲ. ತಿಕ್ಕಿದರೆ ಆ ತರಿಗಳ ತಲೆ ಸವೆದು ಅಷ್ಟು ಜಾಗ ಮಾತ್ರ ಮಿಂಚತೊಡಗುತ್ತದೆ. ಮೇಣ ಹಚ್ಚಿದರೆ ತರಿಗಳ ನಡುವಿನ ತಗ್ಗು ತುಂಬಿ ಕಲೆಗಟ್ಟುತ್ತದೆ. ಇಲ್ಲಿ ಹೊಳಪೇ ಗಾಯ. ವಾಸಿ ಮಾಡಬೇಕೆಂದರೆ ಇಡೀ ಟ್ಯಾಂಕಿಗೆ ಹೊಸದಾಗಿ ಬಣ್ಣ ಹೊಡೆಸಬೇಕು.

ಇಂಥ ಗಾಡಿಯನ್ನು ಡೊಂಬಿವಲಿಯಲ್ಲಿ ಇಟ್ಟುಕೊಳ್ಳುವ ಧೈರ್ಯವನ್ನು ಮೆಚ್ಚಲೇಬೇಕು. ಇದು 2014ರ ಜನವರಿಯಲ್ಲಿ ಹಸಿರು ಮಳೆ ಬಿದ್ದ ಊರು. 2020ರ ಫೆಬ್ರುವರಿಯಲ್ಲಿ ಇಲ್ಲಿನ ಎಂಐಡಿಸಿಯ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಖುದ್ದು ನೋಡಲು ಬಂದಿದ್ದರು. ಎರಡೂ ಸಲ ಬೆರಳು ತೋರಿದ್ದು ರಾಸಾಯನಿಕ ಕಾರ್ಖಾನೆಗಳ ಕಡೆಗೆ. ಬಟ್ಟೆ ಒಣಹಾಕಿದವರಿಗೆ ಇಲ್ಲಿನ ಗಾಳಿಯ ವಿಷಯ ಹೇಳಬೇಕಾಗಿಲ್ಲ. ಮೇಲಿಂದ ಪಾರಿವಾಳಗಳು. ಅವುಗಳ ಹಿಕ್ಕೆ ಬಿಸಿಲಿಗೆ ಒಣಗಿದರೆ ಯಾವ ಬಣ್ಣವನ್ನಾದರೂ ಕಚ್ಚುತ್ತದೆ.

ಇಷ್ಟೆಲ್ಲ ಹೇಳಿದ್ದು ನಮ್ಮ ಸೊಸೈಟಿಯ ಪಂಚಾಯಿತಿಯೊಂದನ್ನು ನಿಮ್ಮ ಮುಂದಿಡಲು.

ನಮ್ಮ ಕಟ್ಟಡದಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ ಇದ್ದಾನೆ. ಐರೋಳಿಯಲ್ಲಿ ಕೆಲಸ. ಮೂರು ವರ್ಷ ಕೂಡಿಟ್ಟ ಹಣದಲ್ಲಿ ಟೂರಿಂಗ್ ಬೈಕು ತೆಗೆದುಕೊಂಡ, ಮ್ಯಾಟ್ ಕಪ್ಪು. ಚೌತಿಗೆ ಪನ್ವೇಲ್‌ನಿಂದ ಕೊಂಕಣದ ಹೆದ್ದಾರಿ ಹಿಡಿದು ಅದರಲ್ಲೇ ಊರಿಗೆ ಹೋಗಬೇಕು ಎಂಬುದು ಅವನ ಬಹುದಿನದ ಆಸೆ. ಗಾಡಿಗಳನ್ನು ಒರೆಸುವವರು ಇಂಡಿ ತಾಲ್ಲೂಕಿನಿಂದ ಬಂದ ಐವತ್ತರ ಆಸುಪಾಸಿನ ಮನುಷ್ಯ. ಬೆಳಗ್ಗೆ ನಾಲ್ಕಕ್ಕೆ ಶುರು ಮಾಡಿ ಎಂಟರೊಳಗೆ ನಲವತ್ತು ಗಾಡಿ ಮುಗಿಸಬೇಕು. ಬೈಕಿಗೆ ತಿಂಗಳಿಗೆ ಮುನ್ನೂರು ರೂಪಾಯಿ. ಒಂದು ಬಕೆಟ್ ನೀರು, ಎರಡು ಬಟ್ಟೆ. ಟ್ಯಾಂಕರ್ ತರಿಸಿ ಕುಡಿಯುವ ನಮ್ಮ ಬಡಾವಣೆಯಲ್ಲಿ ಎರಡನೇ ಬಕೆಟ್ ಕೇಳುವುದೂ ಸಂಕೋಚದ ವಿಷಯವೇ.

ಒಂದು ದಿನ ಟ್ಯಾಂಕಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಕೂತಿತ್ತು. ಅವರು ಅದನ್ನು ಬಲವಾಗಿ ತಿಕ್ಕಿದರು. ಕಲೆ ಉಳಿಯಿತು. ಬೇರೆ ಕಾರಿನವರು ಕೊಟ್ಟಿದ್ದ ಪಾಲಿಶ್ ಸ್ವಲ್ಪ ಹಚ್ಚಿ ಮತ್ತೆ ತಿಕ್ಕಿದರು. ಯಾರೂ ಹೇಳದಿದ್ದರೂ, ತಮ್ಮ ಸಮಯದ್ದೇ ಐದು ನಿಮಿಷ ಹೆಚ್ಚು ಹಾಕಿ. ಕಪ್ಪು ಟ್ಯಾಂಕಿನ ನಡುವೆ ಅಂಗೈಯಗಲದ ಜಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯತೊಡಗಿತು.

ದಿನಾ 'ಕಾಕಾ' ಎಂದು ಕನ್ನಡದಲ್ಲೇ ಮಾತಾಡಿಸುತ್ತಿದ್ದ ಹುಡುಗ ಅವತ್ತು ಹಿಂದಿಗೆ ಹೊರಳಿದ. ಬೈಯಲು ಪರಭಾಷೆ ಬೇಕಾಗುತ್ತದೆ ನೋಡಿ. ಬಣ್ಣ ಹೊಡೆಸಲು ಆರು ಸಾವಿರ, ಅದನ್ನು ತಿಂಗಳ ದುಡ್ಡಿನಲ್ಲಿ ಮುರಿದುಕೊಳ್ಳುತ್ತೇನೆ ಎಂದ. ಕಾಕಾ ಕನ್ನಡ ಬಿಡಲಿಲ್ಲ. "ಹೊಲಸ ಬಿಟ್ರ ಬೈತೀರಿ, ಒರಸಿದ್ರೂ ಬೈತೀರಿ. ನಾ ಏನ್ ಮಾಡ್ಲಿ ಹೇಳ್ರಿ ಸಾಹೇಬ್ರ?" ಸೊಸೈಟಿ ಸಮಿತಿಯಲ್ಲಿ ಇಬ್ಬರ ಭಾಷೆಯೂ ಬರುವವನು ನಾನೊಬ್ಬನೇ ಆದ್ದರಿಂದ ದೂರು ನನ್ನ ಹತ್ತಿರ ಬಂತು.

ಹುಡುಗನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾನಿ ಆಗಿದೆ, ಮಾಡಿದ ಕೈ ಯಾವುದೆಂದು ಗೊತ್ತಿದೆ. ಗೊತ್ತಿಲ್ಲದೆ ಮಾಡಿದ್ದು ಎಂದರೆ ನಷ್ಟ ತುಂಬುತ್ತದೆಯೇ? ವೈದ್ಯನೋ ಎಲೆಕ್ಟ್ರಿಷಿಯನ್ನೋ ಗೊತ್ತಿರಲಿಲ್ಲ ಎಂದರೆ ನಾವು ಒಪ್ಪುವುದಿಲ್ಲವಲ್ಲ. ಆದರೆ ಅವರಿಗೆ ನಾವು ಹಣ ಕೊಡುವುದೇ ಅವರ ತಿಳಿವಳಿಕೆಗೆ. ಮುನ್ನೂರು ರೂಪಾಯಿಗೆ ನಾವು ಕೊಂಡದ್ದು ಕಾಕಾ ಅವರ ತೋಳು ಮತ್ತು ನಸುಕಿನ ನಿದ್ದೆ, ಬಣ್ಣದ ವಿಜ್ಞಾನವನ್ನಲ್ಲ. ಅವರಲ್ಲಿದ್ದ ತಿಳಿವಳಿಕೆ ಒಂದೇ: ಹೊಳೆಯುವಂತೆ ತಿಕ್ಕಿದರೆ ಒಳ್ಳೆಯ ಕೆಲಸ. ಅದನ್ನು ಕಲಿಸಿದ್ದು ಉಳಿದ ಮೂವತ್ತೊಂಬತ್ತು ಗಾಡಿಗಳ ಮಾಲೀಕರು, ಅಂದರೆ ನಾವೇ. ನಲವತ್ತನೆಯದು ಬೇರೆ ಜಾತಿಯದು ಎಂದು ತಿಳಿಸುವ ಹೊಣೆ ಅದನ್ನು ತಂದವನದು. ಗಾಡಿಯ ಜೊತೆ ಬಂದ ಪುಸ್ತಕ ಅವನ ಮನೆಯ ಕಪಾಟಿನಲ್ಲಿತ್ತು, ಇಂಗ್ಲಿಷಿನಲ್ಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಸೋಮಾರಿತನದಿಂದ ಆದ ಹಾನಿಯಾಗಿದ್ದರೆ ತೀರ್ಪು ಸುಲಭ. ಇಲ್ಲಿ ಶ್ರದ್ಧೆಯಿಂದಲೇ ಹಾನಿಯಾಗಿದೆ. ಕಾಕಾ ಕೆಲಸಗಳ್ಳರಾಗಿದ್ದರೆ ಹಿಕ್ಕೆಯನ್ನು ಹಾಗೇ ಬಿಟ್ಟು ಹೋಗುತ್ತಿದ್ದರು, ಕಲೆಯ ತಪ್ಪು ಪಾರಿವಾಳದ ತಲೆಗೆ ಹೋಗುತ್ತಿತ್ತು. ಹೆಚ್ಚು ಮಾಡಿದವನಿಗೆ ದಂಡ, ಮಾಡದವನಿಗೆ ಬಿಡುಗಡೆ ಎಂದಾದರೆ ನಾಳೆಯಿಂದ ಯಾವ ಕಾಕಾ ನಮ್ಮ ವಸ್ತುವನ್ನು ತನ್ನದೆಂಬಂತೆ ನೋಡುತ್ತಾರೆ? ಹಾಗೆಂದು ಒಳ್ಳೆಯ ಉದ್ದೇಶ ಎಲ್ಲವನ್ನೂ ತೊಳೆಯುತ್ತದೆ ಎಂದೂ ನಾನು ಹೇಳಲಾರೆ. ಮಗುವಿಗೆ ಪ್ರೀತಿಯಿಂದ ಅತಿಯಾಗಿ ತಿನ್ನಿಸುವವರನ್ನು ನಾವು ತಡೆಯುತ್ತೇವೆ. ತಡೆಯುತ್ತೇವೆ, ದಂಡ ಹಾಕುವುದಿಲ್ಲ. ಆ ವ್ಯತ್ಯಾಸ ನನಗೆ ಮುಖ್ಯವೆನಿಸಿತು.

ಇನ್ನೊಂದು ಪ್ರಶ್ನೆಯನ್ನು ಹುಡುಗನ ಎದುರೇ ಇಟ್ಟೆ. ಮ್ಯಾಟ್‌ಗೆ ಬೇಕಾದ ಆರೈಕೆ ಏನು? ಮೊದಲು ಧಾರಾಳ ನೀರು ಸುರಿದು ಧೂಳು ನೆನೆಸಬೇಕು, ಸೌಮ್ಯ ಶಾಂಪೂ ಹಾಕಿ ಮೈಕ್ರೋಫೈಬರ್ ಬಟ್ಟೆಯಿಂದ ತಿಕ್ಕದೆ ಸವರಬೇಕು, ನೆರಳಲ್ಲಿ ಆರಿಸಬೇಕು. ಪೆಟ್ರೋಲ್ ಹನಿ, ಹಿಕ್ಕೆ, ಘಾಟಿಯಲ್ಲಿ ಮೆತ್ತಿದ ಹುಳ ಯಾವುದನ್ನೂ ಒಣಗಲು ಬಿಡಬಾರದು. ಅರ್ಧ ಗಂಟೆಯ ಕೆಲಸ, ಮೂರು ಬಕೆಟ್ ನೀರು. ನಾವು ಆರಿಸಿಕೊಂಡ ಚಂದಕ್ಕೆ ಬೇಕಾದ ದುಡಿಮೆಯನ್ನು ಹಳೆಯ ದರದಲ್ಲೇ ಇನ್ನೊಬ್ಬರಿಂದ ನಿರೀಕ್ಷಿಸುವುದು ಯಾವ ನ್ಯಾಯ? ಬೈಕಿನ ಬೆಲೆಯಲ್ಲಿ ಈ ಲೆಕ್ಕ ಸೇರಿರುವುದಿಲ್ಲ. ಕೈಮಗ್ಗದ ಸೀರೆ ಕೊಂಡು ಮನೆಕೆಲಸದವರು ಅದನ್ನು ಬಿಸಿನೀರಿಗೆ ಹಾಕಿದರೆಂದು ಅಳುವುದೂ ಇದೇ ಜಾತಿಯದು.

ಈ ಬಣ್ಣದ ಚರಿತ್ರೆಯಲ್ಲೂ ಒಂದು ತಮಾಷೆ ಇದೆ. ಹೊಳಪಿಲ್ಲದ ಬಣ್ಣವನ್ನು ಸೈನ್ಯದವರು ಬಳಿದುಕೊಂಡದ್ದು ಶತ್ರುವಿನ ಕಣ್ಣಿಗೆ ಬೀಳದಿರಲು. ನಾವು ಬಳಿಸಿಕೊಳ್ಳುವುದು ಎಲ್ಲರ ಕಣ್ಣಿಗೆ ಬೀಳಲು. ಸೈನ್ಯದ ಆಲಿವ್ ಹಸಿರನ್ನಂತೂ ಬೇರೆ ಯಾರೂ ವಾಹನಕ್ಕೆ ಬಳಿಯುವಂತಿಲ್ಲ ಎಂದು ನಮ್ಮ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಒರಟುತನದ ವೇಷ ತೊಟ್ಟ ನಾಜೂಕು ವಸ್ತು ಇದು. ನೋಡಿದವರು ಮೋಸ ಹೋಗುವಂತೆಯೇ ಮಾಡಿದ್ದು. ಕಾಕಾ ಮೋಸ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಆಯುಧಪೂಜೆಗೂ ಇದು ಒಗ್ಗುವುದಿಲ್ಲ. ಅರಿಶಿನ, ಕುಂಕುಮ ಆ ತರಿಗಳೊಳಗೆ ಇಳಿದರೆ ಹೊರಬರುವುದು ಕಷ್ಟ. ಕಳೆದ ದಸರೆಗೆ ಹುಡುಗನ ಅಮ್ಮ ಊರಿಂದ ಬಂದಿದ್ದಾಗ ಟ್ಯಾಂಕಿಗೆ ಸ್ವಸ್ತಿಕ ಬರೆಯಲು ಹೋದರೆ, ಇವನು ಓಡಿಬಂದು ಕನ್ನಡಿ ತೋರಿಸಿದ. "ಪೂಜಿ ಮಾಡೂಕೂ ಆಗ್ದಿದ್ ಗಾಡಿ ಎಂಥಕಾ?" ಎಂದು ಅವರು ಕೇಳಿದ್ದನ್ನು ಅವನೇ ನಗುತ್ತ ಹೇಳಿದ್ದ. ಗಮನಿಸಿ, ಅಮ್ಮನಿಗೆ ಮೊದಲೇ ಹೇಳಿದ, ತಡೆದ. ಕಾಕಾಗೆ ಯಾರೂ ಹೇಳಿರಲಿಲ್ಲ. ಇದನ್ನು ನೆನಪಿಸಿದ ಮೇಲೆಯೇ ಅವನ ದನಿ ಇಳಿದದ್ದು.

ಆರು ಸಾವಿರದ ಮಾತು ಅಲ್ಲಿಗೆ ನಿಂತಿತು. ಈಗ ಭಾನುವಾರ ಅವನೇ ಬೈಕು ತೊಳೆಯುತ್ತಾನೆ, ಕಾಕಾ ಅದರ ಸೀಟು ಮತ್ತು ಕನ್ನಡಿ ಮಾತ್ರ ಒರೆಸುತ್ತಾರೆ. ಹೊಳೆಯುವ ಜಾಗದ ಮೇಲೆ ಟ್ಯಾಂಕ್ ಬ್ಯಾಗ್ ಕೂರುತ್ತದೆ. ಅದರ ಪಟ್ಟಿ ಉಜ್ಜುವಲ್ಲಿ, ಕೊಂಕಣದ ತಿರುವುಗಳಲ್ಲಿ ಅವನ ಮೊಣಕಾಲು ಒತ್ತುವಲ್ಲಿ, ಬಣ್ಣ ಇನ್ನೆರಡು ಕಡೆ ಮಿಂಚಲು ಶುರುವಾಗಿದೆ. ಕೆಲಸ ಕಡಿಮೆಯಾಯಿತೆಂದು ಕಾಕಾ ಅವರ ಮುನ್ನೂರು ಈಗ ನೂರೈವತ್ತಾಗಿದೆ. ಇಬ್ಬರೂ ಒಪ್ಪಿಕೊಂಡದ್ದೇ. ಆದರೂ ಆ ನೂರೈವತ್ತು ನನಗೆ ಸರಿ ಕಂಡಿಲ್ಲ. ಮುಂದಿನ ಸಭೆಯಲ್ಲಿ ಎತ್ತಬೇಕೆಂದಿದ್ದೇನೆ.